ಮೂವತ್ತೈದು ವರ್ಷ, 570 ಕಿಲೋಮೀಟರ್: ನಿಜಾಮನ ಸಿಂಹಾಸನದ ಕಾರು

ಹೈದರಾಬಾದಿನಿಂದ ರಾಯಚೂರು ದಾಟಿ ದೇವದುರ್ಗಕ್ಕೆ ಬಂದು, ಅದೇ ದಾರೀಲಿ ವಾಪಸ್ ಹೋದರೆ ಹೆಚ್ಚುಕಡಿಮೆ 550 ಕಿಲೋಮೀಟರ್. ಈ ಊರುಗಳನ್ನೆಲ್ಲ 1948ರವರೆಗೆ ಆಳಿದ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹತ್ರ ಒಂದು ರೋಲ್ಸ್ ರಾಯ್ಸ್ ಇತ್ತು. ಮೂವತ್ತೈದು ವರ್ಷದಲ್ಲಿ ಅದು ಓಡಿದ್ದು ಸುಮಾರು 570 ಕಿಲೋಮೀಟರ್ ಅಂತ ಲೆಕ್ಕ ಹೇಳ್ತಾರೆ. ದೇವದುರ್ಗಕ್ಕೆ ಒಂದು ಸಲ ಬಂದುಹೋಗುವಷ್ಟು!

ಕಾರಿಗೆ ಆರ್ಡರ್ ಕೊಟ್ಟದ್ದು ಅಪ್ಪ ಮೆಹಬೂಬ್ ಅಲಿ ಖಾನ್. 1911ರ ಆಗಸ್ಟಿನಲ್ಲಿ ಅಪ್ಪ ತೀರಿಕೊಂಡ, 25 ವರ್ಷದ ಮಗನಿಗೆ ಗದ್ದುಗೆಯ ಜತೆ ಕಾರೂ ಬಂತು. ಹಳದಿ ಮೈ, ಗುಮ್ಮಟದಂಥ ಚಾವಣಿ, ಒಳಗೆ ಸಿಂಹಾಸನ. ಕೆಳಗಿದ್ದದ್ದು ಸಿಲ್ವರ್ ಘೋಸ್ಟ್ ಚಾಸಿಸ್: ಆರು ಸಿಲಿಂಡರಿನ 7.4 ಲೀಟರ್ ಎಂಜಿನ್, ಕ್ರ್ಯಾಂಕ್‌ಶಾಫ್ಟಿಗೆ ಏಳು ಬೇರಿಂಗ್, ಒತ್ತಡದಲ್ಲಿ ಎಣ್ಣೆ ಪೂರೈಕೆ. ಇದೇ ಮಾದರಿಯ ಇನ್ನೊಂದು ಕಾರು 1907ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 14,371 ಮೈಲಿ ಕೆಡದೆ ಓಡಿ ದಾಖಲೆ ಮಾಡಿತ್ತು. ಓಡಲಿಕ್ಕೇ ಹುಟ್ಟಿದ ಯಂತ್ರ. ನಿಲ್ಲಿಸಿಟ್ಟರೆ ಸಿಲಿಂಡರ್ ಗೋಡೆಯ ಎಣ್ಣೆ ಇಳಿದುಹೋಗುತ್ತೆ, ಪೆಟ್ರೋಲ್ ಅಂಟಾಗುತ್ತೆ, ಗ್ಯಾಸ್ಕೆಟ್ ಒಣಗುತ್ತೆ. (ಎಂಜಿನಿಯರಿಂಗ್ ಬಿಟ್ಟರೂ ನಿಂತ ಎಂಜಿನ್ ಕಂಡರೆ ಈಗಲೂ ಸಂಕಟ.)

ನಿಜಾಮನ ದುಡ್ಡೂ ಹೀಗೇ ನಿಂತಿತ್ತು. 1937ರ ಫೆಬ್ರುವರಿಯಲ್ಲಿ ಟೈಮ್ ಪತ್ರಿಕೆ ಜಗತ್ತಿನ ಅತಿ ಶ್ರೀಮಂತ ಅಂತ ಮುಖಪುಟಕ್ಕೆ ಹಾಕಿದ ಮನುಷ್ಯ ಸ್ವತಃ ಓಡಾಡುತ್ತಿದ್ದದ್ದು ಹಳೇ ಅಮೆರಿಕನ್ ಫೋರ್ಡಿನಲ್ಲಿ. ಸರಳತೆ ಅಂತ ಹೊಗಳೋರಿದ್ದಾರೆ, ಜಿಪುಣತನ ಅಂತ ನಗೋರೂ ಇದ್ದಾರೆ. ಎರಡೂ ನಮಗೆ ಬೇಕಿಲ್ಲ. ಕೇಳಬೇಕಾದ್ದು ಆ ದುಡ್ಡು ಯಾರದು ಅಂತ. ಸರ್ಫ್-ಎ-ಖಾಸ್ ಎಂಬ ಖಾಸಾ ಜಮೀನಿನ ಹುಟ್ಟುವಳಿ 1949ರವರೆಗೆ ನೇರ ಅರಮನೆಗೆ ಹೋಗುತ್ತಿತ್ತು. ಇದೇ ಮನೆತನ 1853ರಲ್ಲಿ ಸೈನ್ಯದ ಬಾಕಿಗಾಗಿ ಕೃಷ್ಣಾ-ತುಂಗಭದ್ರೆ ನಡುವಿನ ರಾಯಚೂರು ದೋಆಬನ್ನೇ ಕಂಪನಿ ಕೈಗೆ ಬಿಟ್ಟುಕೊಟ್ಟಿತ್ತು, 1860ರಲ್ಲಿ ವಾಪಸ್ ಪಡೆಯಿತು. ಮಾನ್ವಿ, ದೇವದುರ್ಗದ ರೈತರು ಸಾಲದ ಪುಸ್ತಕದ ಒಂದು ಸಾಲು, ಅಷ್ಟೇ.

ಹಾಗಂತ ಉಸ್ಮಾನ್ ಅಲಿ ಏನೂ ಮಾಡಲಿಲ್ಲ ಅಂದ್ರೆ ಸುಳ್ಳು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು. ಇಂಗ್ಲಿಷ್ ಬಿಟ್ಟು ದೇಶೀ ಭಾಷೆಯಲ್ಲಿ ಕಲಿಸಿದ್ದು ದೊಡ್ಡ ಹೆಜ್ಜೆಯೇ, ಆದ್ರೆ ಭಾಷೆ ಉರ್ದು. ಮಾನ್ವಿಯ ಕನ್ನಡದ ಹುಡುಗನಿಗೆ ಬಾಗಿಲು ಅರ್ಧವೇ ತೆರೆದಿತ್ತು. 1932ರಲ್ಲಿ ನಿಜಾಮ್ ರೈಲ್ವೆ 27 ಬಸ್ಸುಗಳ ಸರ್ಕಾರಿ ಸಾರಿಗೆ ಶುರುಮಾಡಿತು. ನನ್ನ ಮಟ್ಟಿಗೆ ಆ ಹಳದಿ ಕಾರಿಗಿಂತ ಈ 27 ಬಸ್ಸುಗಳೇ ದೊಡ್ಡ ಎಂಜಿನಿಯರಿಂಗ್. 1945ರ ಫೆಬ್ರುವರಿಯಲ್ಲಿ ಮದ್ರಾಸ್ ಜತೆ ಸೇರಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಅದರ ಎಡದಂಡೆ ಕಾಲುವೆ ಮುಂದೆ ಮಾನ್ವಿಗೆ ಬಂತು. ಕೊನೇ ಭಾಗದ ಹೊಲಗಳಿಗೆ ನೀರು ಮುಟ್ಟಿಸೋ ಜಗಳ ಇನ್ನೂ ಮುಗಿದಿಲ್ಲ, ಬಿಡಿ.

ನೀರು, ಬಸ್ಸು ಕೊಟ್ಟವನು ಹಕ್ಕು ಮಾತ್ರ ಕೊಡಲಿಲ್ಲ. ದೇಶ ಸ್ವತಂತ್ರವಾದಾಗ ಭಾರತ ಸೇರಲು ಒಪ್ಪಲಿಲ್ಲ, ರಜಾಕಾರರ ದಬ್ಬಾಳಿಕೆಗೆ ಕಡಿವಾಣ ಹಾಕಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಒಳಬಂದಾಗ ಎಲ್ಲ ಮುಗಿಯಲು ಐದು ದಿನ ಸಾಕಾಯಿತು. ವಿಚಿತ್ರ ನೋಡಿ, 1950ರಲ್ಲಿ ಅದೇ ನಿಜಾಮ ರಾಜಪ್ರಮುಖನಾದ, ಜತೆಗೆ ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ. 1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಸೇರುವಾಗ ಆ ಹುದ್ದೆಯೂ ಹೋಯಿತು.

1967ರ ಫೆಬ್ರುವರಿ 24ರಂದು ಹೈದರಾಬಾದಿನ ಕಿಂಗ್ ಕೋಠಿಯಲ್ಲಿ ತೀರಿಕೊಂಡ. ಕಾರು ದುರಸ್ತಿಯಾಗಿ ಈಗ ಚೌಮಹಲ್ಲಾ ಅರಮನೆಯಲ್ಲಿದೆ, ಟಿಕೆಟ್ ತಗೊಂಡು ನೋಡಬಹುದು. ರಾಯಚೂರಿನಿಂದ ಬೆಳಗಿನ ಬಸ್ಸು ಹತ್ತಿದರೆ ಸಂಜೆಯೊಳಗೆ ನೋಡಿ ಹೊರಡಬಹುದು.