24 ನಿಮಿಷದ ಎರರ್ ಹಿಡಿದ ಸಹಾ

ಮೇಘನಾದ ಸಹಾ ಅಂದ್ರೆ ಹೆಚ್ಚಿನವರಿಗೆ 1920ರ ಅಯನೈಸೇಶನ್ ಈಕ್ವೇಶನ್ ಅಷ್ಟೇ ಗೊತ್ತು. ಢಾಕಾ ಹತ್ತಿರದ ಹಳ್ಳಿಯ ದಿನಸಿ ಅಂಗಡಿಯವರ ಮಗ. 1952ರಲ್ಲಿ ಅವರು ಕ್ಯಾಲೆಂಡರ್ ಸುಧಾರಣಾ ಸಮಿತಿಯ ಅಧ್ಯಕ್ಷರಾದಾಗ ದೇಶದಲ್ಲಿ ಸುಮಾರು 30 ಪಂಚಾಂಗಗಳಿದ್ದವು! ಹಗಲು ರಾತ್ರಿ ಸಮ ಆಗೋದು ಮಾರ್ಚ್ 21ರ ಆಸುಪಾಸು. ಸೌರ ಪಂಚಾಂಗಗಳ ಹೊಸ ವರ್ಷ ಬರ್ತಿದ್ದದ್ದು ಏಪ್ರಿಲ್ 14ರ ಹೊತ್ತಿಗೆ. ಸೂರ್ಯಸಿದ್ಧಾಂತದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 24 ನಿಮಿಷ ಉದ್ದ. ಚಿಕ್ಕ ಎರರ್ ಅಲ್ವಾ? ಶತಮಾನಗಟ್ಟಲೆ ಸೇರ್ತಾ ಹೋಗಿ ಅದೇ 23 ದಿನ ಆಗಿತ್ತು. 1955ರಲ್ಲಿ ಸಮಿತಿ ವರದಿ ಕೊಟ್ಟಿತು. 1956ರ ಫೆಬ್ರವರಿ 16ರಂದು ಸಹಾ ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುವ ದಾರಿಯಲ್ಲೇ ತೀರಿಕೊಂಡರು. ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದದ್ದು 1957ರ ಮಾರ್ಚ್ 22ಕ್ಕೆ. ಗೆಜೆಟ್, ಆಕಾಶವಾಣಿ ಅದನ್ನು ಬಳಸಿದವು. ನಮ್ಮ ಯುಗಾದಿಗೆ ಮಾತ್ರ ಈಗಲೂ ಹಳೇ ಪಂಚಾಂಗವೇ.