ಲೂಸಿ ವಿಲ್ಸ್

ಲೂಸಿ ವಿಲ್ಸ್ (ಮೇ 10, 1888 – ಏಪ್ರಿಲ್ 16, 1964) ಇಂಗ್ಲೆಂಡಿನ ವೈದ್ಯೆ ಹಾಗೂ ರಕ್ತರೋಗ ಸಂಶೋಧಕಿ. ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ತೀವ್ರ ರಕ್ತಹೀನತೆಯು ಆಹಾರದ ಕೊರತೆಯಿಂದ ಬರುತ್ತದೆಂದೂ ಯೀಸ್ಟ್ ಸಾರದಿಂದ ಅದನ್ನು ಗುಣಪಡಿಸಬಹುದೆಂದೂ ಅವರು ಭಾರತದಲ್ಲಿ ನಡೆಸಿದ ಸಂಶೋಧನೆಯಿಂದ ತೋರಿಸಿಕೊಟ್ಟರು. ಯೀಸ್ಟಿನಲ್ಲಿದ್ದ ಆ ಅಜ್ಞಾತ ಪೋಷಕಾಂಶವನ್ನು ಬಹುಕಾಲ 'ವಿಲ್ಸ್ ಅಂಶ' ಎಂದು ಕರೆಯಲಾಗುತ್ತಿತ್ತು. ಅದೇ ಇಂದಿನ ಫೋಲೇಟ್ ಅಥವಾ ಫೋಲಿಕ್ ಆಮ್ಲ.

ಜನನ ಮತ್ತು ವಿದ್ಯಾಭ್ಯಾಸ

ಲೂಸಿ ವಿಲ್ಸ್ ಬರ್ಮಿಂಗ್‌ಹ್ಯಾಮ್ ಸಮೀಪದ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಜನಿಸಿದರು. ತಂದೆ ವಿಜ್ಞಾನ ಪದವೀಧರರು. ತಾಯಿ ವೈದ್ಯರೊಬ್ಬರ ಮಗಳು. ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನಲ್ಲಿ ಓದಿದ ನಂತರ 1907ರಲ್ಲಿ ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜನ್ನು ಸೇರಿ ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನಗಳನ್ನು ಅಭ್ಯಾಸ ಮಾಡಿದರು. 1911ರಲ್ಲಿ ಅಂತಿಮ ಪರೀಕ್ಷೆಯಲ್ಲಿ ಉತ್ತೀರ್ಣರಾದರೂ ಅವರಿಗೆ ಪದವಿ ದೊರೆಯಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯವು ಮಹಿಳೆಯರಿಗೆ ಪೂರ್ಣ ಪದವಿ ನೀಡತೊಡಗಿದ್ದು 1948ರಲ್ಲಿ.

1911ರಲ್ಲಿ ತಂದೆಯೂ 1913ರಲ್ಲಿ ಅಕ್ಕ ಈಡಿತ್ ಕೂಡ ತೀರಿಕೊಂಡರು. ಆ ಬಳಿಕ ಲೂಸಿ ಸಿಲೋನ್ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ಪ್ರವಾಸ ಮಾಡಿದರು. ಮೊದಲನೆಯ ಮಹಾಯುದ್ಧ ಆರಂಭವಾದಾಗ ಕೇಪ್‌ಟೌನ್‌ನ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕ ದಾದಿಯಾಗಿ ದುಡಿದರು. 1915ರಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಗೆ ಸೇರಿ, 1920ರಲ್ಲಿ ತಮ್ಮ 32ನೆಯ ವಯಸ್ಸಿನಲ್ಲಿ ವೈದ್ಯಕೀಯ ಪದವಿ ಪಡೆದರು. ಖಾಸಗಿ ವೃತ್ತಿಗಿಳಿಯದೆ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸಂಶೋಧನೆ ಮತ್ತು ಬೋಧನೆಯನ್ನು ಆಯ್ದುಕೊಂಡರು.

ಭಾರತದಲ್ಲಿ ಸಂಶೋಧನೆ

ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಮಹಿಳೆಯರಲ್ಲಿ ಗರ್ಭಧಾರಣೆಯ ಕಾಲಕ್ಕೆ ತೀವ್ರ ರಕ್ತಹೀನತೆ ಕಾಣಿಸಿಕೊಳ್ಳುತ್ತಿತ್ತು. ಅನೇಕರ ಪಾಲಿಗೆ ಅದು ಪ್ರಾಣಾಂತಿಕವಾಗುತ್ತಿತ್ತು. ತಾಯಂದಿರ ಮರಣದ ಕಾರಣಗಳನ್ನು ಪರಿಶೀಲಿಸುತ್ತಿದ್ದ ಡಾ. ಮಾರ್ಗರೆಟ್ ಬಾಲ್ಫರ್ ಅವರ ಆಹ್ವಾನದ ಮೇರೆಗೆ ವಿಲ್ಸ್ 1928ರಲ್ಲಿ ಭಾರತಕ್ಕೆ ಬಂದು ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿ ಕೆಲಸ ಆರಂಭಿಸಿದರು. 1929ರಲ್ಲಿ ಕೆಲವು ತಿಂಗಳು ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿದ್ದರು. ಆಹಾರ ವಿಜ್ಞಾನಿ ರಾಬರ್ಟ್ ಮೆಕ್ಯಾರಿಸನ್ ಆಗ ಅಲ್ಲಿ ಪೋಷಣಾ ಸಂಶೋಧನೆಯನ್ನು ನಡೆಸುತ್ತಿದ್ದರು. 1931ರಲ್ಲಿ ಮದರಾಸಿನ ಆಸ್ಪತ್ರೆಯೊಂದರಲ್ಲಿಯೂ ಅವರ ಅಧ್ಯಯನ ಮುಂದುವರಿಯಿತು.

ವಿಲ್ಸ್ ಮುಂಬಯಿಯ ಬೇರೆ ಬೇರೆ ವರ್ಗಗಳ ಮಹಿಳೆಯರ ಊಟೋಪಚಾರವನ್ನು ಹೋಲಿಸಿ ನೋಡಿದರು. ಅತ್ಯಂತ ಕಳಪೆ ಆಹಾರ ಸೇವಿಸುತ್ತಿದ್ದ ಬಡ ಮುಸ್ಲಿಂ ಮಹಿಳೆಯರಲ್ಲಿಯೇ ಈ ರಕ್ತಹೀನತೆ ಹೆಚ್ಚಾಗಿತ್ತು. ಅದೇ ಬಗೆಯ ಆಹಾರವನ್ನು ಇಲಿಗಳಿಗೆ ನೀಡಿದಾಗ ಅವು ರಕ್ತಹೀನವಾದವು. ಯೀಸ್ಟ್ ಸೇರಿಸಿದಾಗ ರೋಗ ತಡೆಯಲ್ಪಟ್ಟಿತು. ಆದರೆ ಹೇನುಗಳಿಂದ ಹರಡುವ ಸೋಂಕೊಂದು ಇಲಿಗಳ ರಕ್ತಹೀನತೆಗೆ ಕಾರಣವಾಗಿರಬಹುದೆಂದು ತಿಳಿದುಬಂದುದರಿಂದ, ಅವರು ಪ್ರಯೋಗಗಳನ್ನು ಕೋತಿಗಳ ಮೇಲೆ ಮುಂದುವರಿಸಿದರು.

ಅಗ್ಗದ ಯೀಸ್ಟ್ ಸಾರವಾದ 'ಮಾರ್ಮೈಟ್' ಕೋತಿಗಳಲ್ಲಿಯೂ ಗರ್ಭಿಣಿಯರಲ್ಲಿಯೂ ರೋಗವನ್ನು ಗುಣಪಡಿಸಿತು. ಗರ್ಭಿಣಿಯರ ಚಿಕಿತ್ಸೆಯ ಫಲಿತಾಂಶವು 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಬೇರೊಂದು ರಕ್ತಹೀನತೆಯಾದ 'ಪರ್ನಿಶಿಯಸ್ ಅನೀಮಿಯ'ವನ್ನು ಗುಣಪಡಿಸುತ್ತಿದ್ದ ಶುದ್ಧೀಕರಿಸಿದ ಯಕೃತ್ತಿನ ಸಾರವು ಈ ರೋಗದಲ್ಲಿ ಫಲ ನೀಡಲಿಲ್ಲ. ಶುದ್ಧೀಕರಿಸದ ಸಾರ ಮಾತ್ರ ಫಲ ನೀಡಿತು. ಆದ್ದರಿಂದ ಇಲ್ಲಿ ಕೊರತೆಯಾಗಿರುವ ಅಂಶವೇ ಬೇರೆ ಎಂಬುದು ಸ್ಪಷ್ಟವಾಯಿತು.

ಜೀವಸತ್ವಗಳು ಮತ್ತು ಕಬ್ಬಿಣಾಂಶ

ಕಬ್ಬಿಣಾಂಶ ಕಡಿಮೆಯಾದಾಗ ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದೆ ಕೆಂಪು ರಕ್ತಕಣಗಳು ಚಿಕ್ಕವೂ ಪೇಲವವೂ ಆಗುತ್ತವೆ. ವಿಲ್ಸ್ ಅಧ್ಯಯನ ಮಾಡಿದ ರೋಗದಲ್ಲಿ ರಕ್ತಕಣಗಳು ಸಂಖ್ಯೆಯಲ್ಲಿ ಕಡಿಮೆಯಾಗಿದ್ದು ಗಾತ್ರದಲ್ಲಿ ದೊಡ್ಡವಾಗಿದ್ದವು. ಫೋಲೇಟ್ ಇಲ್ಲದಿದ್ದರೆ ಅಸ್ಥಿಮಜ್ಜೆಯ ಜೀವಕೋಶಗಳಲ್ಲಿ ಡಿಎನ್‌ಎ ತಯಾರಿಕೆ ಕುಂಠಿತವಾಗಿ ಅವು ಸರಿಯಾಗಿ ವಿಭಜನೆಯಾಗುವುದಿಲ್ಲ. ಇಂತಹ ರೋಗಿಗೆ ಕಬ್ಬಿಣಾಂಶವನ್ನಷ್ಟೇ ಕೊಟ್ಟರೆ ಸಾಲದು. ಫೋಲೇಟ್ ದೊರೆತು ಹೊಸ ರಕ್ತಕಣಗಳು ವೇಗವಾಗಿ ಹುಟ್ಟತೊಡಗಿದಾಗ ಕಬ್ಬಿಣಾಂಶದ ಬೇಡಿಕೆಯೂ ಹೆಚ್ಚುತ್ತದೆ. ಬಡ ಗರ್ಭಿಣಿಯರಲ್ಲಿ ಎರಡೂ ಕೊರತೆಗಳು ಒಟ್ಟಿಗೆ ಇರುವುದು ಅಪರೂಪವಲ್ಲ.

ಫೋಲೇಟ್ ಕಬ್ಬಿಣಾಂಶದ ಹೀರುವಿಕೆಯನ್ನು ನೇರವಾಗಿ ಹೆಚ್ಚಿಸುವುದಿಲ್ಲ. ಆ ಕೆಲಸವನ್ನು ಮಾಡುವುದು ವಿಟಮಿನ್ ಸಿ. ಧಾನ್ಯ, ಬೇಳೆ ಮತ್ತು ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ವಿಟಮಿನ್ ಸಿ ಕರಗುವ ಫೆರಸ್ ರೂಪಕ್ಕೆ ತರುವುದರಿಂದ ಸಣ್ಣ ಕರುಳಿನ ಮೇಲ್ಭಾಗದಲ್ಲಿ ಅದು ಸುಲಭವಾಗಿ ಹೀರಲ್ಪಡುತ್ತದೆ. ಧಾನ್ಯಗಳಲ್ಲಿರುವ ಫೈಟೇಟ್ ಹಾಗೂ ಚಹಾದಲ್ಲಿರುವ ಟ್ಯಾನಿನ್‌ಗಳು ಈ ಹೀರುವಿಕೆಗೆ ಅಡ್ಡಿಯಾಗುತ್ತವೆ. ವಿಟಮಿನ್ ಎ ಕೊರತೆಯಿದ್ದಾಗ ದೇಹದಲ್ಲಿ ಸಂಗ್ರಹವಾದ ಕಬ್ಬಿಣಾಂಶದ ಬಳಕೆಯೂ ಕುಂದುತ್ತದೆ. ಫೋಲೇಟ್ ಮತ್ತು ವಿಟಮಿನ್ ಸಿ ಎರಡೂ ಹೆಚ್ಚು ಹೊತ್ತು ಬೇಯಿಸಿದರೆ ಬಹುಮಟ್ಟಿಗೆ ನಾಶವಾಗುತ್ತವೆ. ಹೀಗಾಗಿ ತಾಜಾ ಹಣ್ಣು, ಸೊಪ್ಪುಗಳಿಲ್ಲದ ಊಟದಲ್ಲಿ ಒಂದು ಕೊರತೆಯ ಜೊತೆ ಇನ್ನೊಂದೂ ಸೇರಿಕೊಳ್ಳುತ್ತದೆ.

ಫೋಲಿಕ್ ಆಮ್ಲದ ಶೋಧ

1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಈ ಪೋಷಕಾಂಶವನ್ನು ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಭಾರತೀಯ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಲೆಡರ್ಲೆ ಪ್ರಯೋಗಾಲಯದ ತಂಡವು 1945ರ ವೇಳೆಗೆ ಅದನ್ನು ಕೃತಕವಾಗಿ ತಯಾರಿಸಿತು. ಶುದ್ಧೀಕರಿಸಿದ ಯಕೃತ್ತಿನ ಸಾರದಲ್ಲಿದ್ದ ಇನ್ನೊಂದು ಅಂಶವಾದ ವಿಟಮಿನ್ ಬಿ12 ಪತ್ತೆಯಾದದ್ದು 1948ರಲ್ಲಿ.

ನಂತರದ ಜೀವನ

ವಿಲ್ಸ್ 1938ರಿಂದ 1947ರಲ್ಲಿ ನಿವೃತ್ತರಾಗುವವರೆಗೆ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ರೋಗವಿಜ್ಞಾನಿಯಾಗಿದ್ದು, ಅಲ್ಲಿ ರಕ್ತವಿಜ್ಞಾನ ವಿಭಾಗವನ್ನು ಕಟ್ಟಿದರು. ನಿವೃತ್ತಿಯ ನಂತರ ಜಮೈಕ, ಫಿಜಿ ಮತ್ತು ದಕ್ಷಿಣ ಆಫ್ರಿಕಗಳಿಗೆ ತೆರಳಿ ಪೋಷಣೆ ಹಾಗೂ ರಕ್ತಹೀನತೆಯ ಅಧ್ಯಯನವನ್ನು ಮುಂದುವರಿಸಿದರು. ಜೀವನದ ಕೊನೆಯ ದಶಕದಲ್ಲಿ ಲೇಬರ್ ಪಕ್ಷದಿಂದ ಚೆಲ್ಸಿಯ ಸ್ಥಳೀಯಾಡಳಿತದ ಸದಸ್ಯೆಯಾಗಿದ್ದರು. ಪರ್ವತ ಪ್ರದೇಶಗಳಲ್ಲಿ ಸಂಚರಿಸುವುದು ಅವರಿಗೆ ಪ್ರಿಯವಾಗಿತ್ತು. ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಅವರು ಅವಿವಾಹಿತರಾಗಿದ್ದರು. 1964ರ ಏಪ್ರಿಲ್ 16ರಂದು ನಿಧನರಾದರು.

ಪ್ರಭಾವ

ಭಾರತದಲ್ಲಿ 1970ರಲ್ಲಿ ಆರಂಭವಾದ ರಾಷ್ಟ್ರೀಯ ರಕ್ತಹೀನತೆ ತಡೆ ಕಾರ್ಯಕ್ರಮವು ಗರ್ಭಿಣಿಯರಿಗೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲಗಳೆರಡೂ ಇರುವ ಮಾತ್ರೆಯನ್ನು ನೀಡಿತು. ಇಂದಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಮಾತ್ರೆಗಳನ್ನು ಉಚಿತವಾಗಿ ವಿತರಿಸಲಾಗುತ್ತದೆ. ಗರ್ಭಧಾರಣೆಗೆ ಮೊದಲೇ ಫೋಲಿಕ್ ಆಮ್ಲವನ್ನು ಸೇವಿಸಿದರೆ ಶಿಶುವಿನ ಮೆದುಳು ಮತ್ತು ಬೆನ್ನುಹುರಿಯ ಜನ್ಮದೋಷಗಳು ಗಣನೀಯವಾಗಿ ಕಡಿಮೆಯಾಗುತ್ತವೆಂಬುದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಿಂದ ದೃಢಪಟ್ಟಿತು. 2019ರ ಮೇ 10ರಂದು, ವಿಲ್ಸ್ ಅವರ 131ನೆಯ ಜನ್ಮದಿನದ ನೆನಪಿಗಾಗಿ ಗೂಗಲ್ ಡೂಡಲ್ ಪ್ರಕಟಿಸಿತು.