ಕೀಲಿನೊಳಗೆ ಇಣುಕಿದ ವಿಲಿಯಂ ಹಂಟರ್

ಮಕ್ಕಳೇ, ನೆಲದ ಮೇಲೆ ಕುಳಿತ ಅಜ್ಜಿ ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಏಳುವುದನ್ನು ನೀವು ನೋಡಿರಬಹುದು. ಮಂಡಿಯಲ್ಲಿ ಮೂಳೆಗಳ ತುದಿಗೆ ಬಿಳಿಯ, ನುಣುಪಾದ ಹೊದಿಕೆ ಇರುತ್ತದೆ. ಅದೇ ಮೃದ್ವಸ್ಥಿ. ಅದರ ದಪ್ಪ ಕೆಲವೇ ಮಿಲಿಮೀಟರ್. ಅದು ಸವೆದರೆ ಕೀಲು ನೋಯುತ್ತದೆ, ಬಿಗಿಯುತ್ತದೆ. ಈ ಹೊದಿಕೆಯನ್ನು ಬಹಳ ಹಿಂದೆಯೇ ಜಾಗರೂಕತೆಯಿಂದ ಪರೀಕ್ಷಿಸಿದವರು ವಿಲಿಯಂ ಹಂಟರ್.

ಹಂಟರ್ ಹುಟ್ಟಿದ್ದು 1718ರ ಮೇ 23ರಂದು, ಸ್ಕಾಟ್ಲೆಂಡಿನಲ್ಲಿ. ಹತ್ತು ಮಕ್ಕಳಲ್ಲಿ ಏಳನೆಯವರು. ಪಾದ್ರಿಯಾಗಲೆಂದು 13ನೇ ವಯಸ್ಸಿಗೇ ಅವರನ್ನು ಗ್ಲಾಸ್ಗೋ ವಿಶ್ವವಿದ್ಯಾನಿಲಯಕ್ಕೆ ಸೇರಿಸಿದರು. ಆದರೆ ಅವರ ಮನಸ್ಸು ವೈದ್ಯಕೀಯದತ್ತ ವಾಲಿತು. ವಿಲಿಯಂ ಕಲೆನ್ ಎಂಬ ವೈದ್ಯರ ಬಳಿ ಕಲಿತು ಲಂಡನ್ನಿಗೆ ಹೋದರು.

1743ರಲ್ಲಿ ಅವರು ಮೃದ್ವಸ್ಥಿಯ ರಚನೆ ಹಾಗೂ ರೋಗಗಳ ಬಗ್ಗೆ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದರು. ಆಗ ಅವರಿಗೆ ಕೇವಲ 25 ವರ್ಷ! ಮಖಮಲ್ ಬಟ್ಟೆಯ ಮೇಲೆ ನೂಲುಗಳು ಒತ್ತಾಗಿ ನೆಟ್ಟಗೆ ನಿಂತಿರುತ್ತವಲ್ಲ, ಮೃದ್ವಸ್ಥಿಯ ಎಳೆಗಳೂ ಹಾಗೆಯೇ ಮೂಳೆಯಿಂದ ಮೇಲೆದ್ದಿವೆ ಎಂದು ಅವರು ವಿವರಿಸಿದರು. ಒಮ್ಮೆ ಹಾಳಾದ ಮೃದ್ವಸ್ಥಿ ಮತ್ತೆ ಸರಿಹೋಗುವುದಿಲ್ಲ ಎಂದೂ ತಿಳಿಸಿದರು. ಕಾರಣ ಇಂದು ನಮಗೆ ಗೊತ್ತು. ಚರ್ಮದಲ್ಲಿರುವಂತೆ ಅದರೊಳಗೆ ರಕ್ತನಾಳಗಳಿಲ್ಲ.

ಅವರು 1746ರಲ್ಲಿ ಲಂಡನ್ನಿನಲ್ಲಿ ಅಂಗರಚನಾಶಾಸ್ತ್ರದ ಪಾಠ ಆರಂಭಿಸಿದರು. ತಮ್ಮ ಜಾನ್ ನೆರವಿಗೆ ಬಂದರು. ಅವರೂ ಮುಂದೆ ಹೆಸರಾಂತ ಶಸ್ತ್ರವೈದ್ಯರಾದರು. ಕೊನೆಗೆ ಅಣ್ಣತಮ್ಮಂದಿರು ಜಗಳವಾಡಿ ದೂರವಾದದ್ದು ಬೇಸರದ ಸಂಗತಿ. ಹಂಟರ್ 1783ರ ಮಾರ್ಚ್ 30ರಂದು ತೀರಿಕೊಂಡರು. ಅವರ ಸಂಗ್ರಹವೆಲ್ಲ ಗ್ಲಾಸ್ಗೋಗೆ ಸೇರಿ, 1807ರಲ್ಲಿ ಅಲ್ಲಿ ವಸ್ತುಸಂಗ್ರಹಾಲಯ ತೆರೆಯಿತು.

ಹಂಟರ್ ಮೃದ್ವಸ್ಥಿಯನ್ನು ನೋಡಿದ್ದು ಶವಗಳನ್ನು ಕೊಯ್ದು. ಬದುಕಿರುವವರ ಮಂಡಿಯೊಳಗೆ ಅದನ್ನು ನೋಡುವುದು ಹೇಗೆ? 1895ರಲ್ಲಿ ಕ್ಷ-ಕಿರಣ ಸಿಕ್ಕಿತು. ಅದರಲ್ಲಿ ಮೂಳೆ ಕಾಣುತ್ತದೆ, ಮೃದ್ವಸ್ಥಿ ಕಾಣುವುದಿಲ್ಲ. ಮೂಳೆಗಳ ನಡುವಿನ ಅಂತರ ಕಿರಿದಾದಾಗಲೇ ಸವೆತ ಗೊತ್ತಾಗುವುದು. ಅಷ್ಟರಲ್ಲಿ ಸಾಕಷ್ಟು ಹಾನಿಯಾಗಿರುತ್ತದೆ.

1970ರ ದಶಕದಲ್ಲಿ ರೂಪುಗೊಂಡ ಎಂಆರ್‌ಐ ಯಂತ್ರದಲ್ಲಿರುವುದು ಬಲವಾದ ಕಾಂತ ಮತ್ತು ರೇಡಿಯೊ ಅಲೆಗಳು. ಅದು ದೇಹದ ನೀರಿನಲ್ಲಿರುವ ಹೈಡ್ರೋಜನ್ನಿನಿಂದ ಸಂಕೇತ ಪಡೆಯುತ್ತದೆ. ಮೃದ್ವಸ್ಥಿಯ ಹೆಚ್ಚಿನ ಭಾಗ ನೀರೇ! ಎಳೆಗಳು ಸಡಿಲವಾದಾಗ ಅದರಲ್ಲಿ ನೀರು ಹೆಚ್ಚುತ್ತದೆ, ಸಂಕೇತ ಮಾಸಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ಅಳೆದರೆ ಹೊದಿಕೆ ತೆಳುವಾಗುವ ಮೊದಲೇ ಹಾನಿಯ ಸುಳಿವು ಸಿಗುತ್ತದೆ. ಈ ಅಳತೆಯನ್ನು ಸದ್ಯಕ್ಕೆ ಹೆಚ್ಚಾಗಿ ಬಳಸುತ್ತಿರುವವರು ಸಂಶೋಧಕರು. ಹಂಟರ್ ವರ್ಣಿಸಿದ ಆ ಮಖಮಲ್ಲಿನ ಎಳೆಗಳು ಸಡಿಲವಾಗುವುದನ್ನು ಅವರೀಗ ಕತ್ತಿ ತಾಗಿಸದೆಯೇ ಗುರುತಿಸುತ್ತಿದ್ದಾರೆ.